ಪ್ರಪಂಚದ ಚರಿತ್ರೆಗೆ ಹೂಂಗುಟ್ಟಿದವನು

ಹಳ್ಳಿಗಳಿಗೆ ಉಪನ್ಯಾಸ ಹೊತ್ತು ತಿರುಗುವ ಕೆಲಸಕ್ಕೆ ಈಗ ಹೊಸಬರನ್ನು ತೆಗೆದುಕೊಳ್ಳುತ್ತಿದ್ದಾರೆಂದು ಕೇಳಿದೆ. ಅವರಿಗೆ ಧ್ವನಿವರ್ಧಕ ಕೊಡುತ್ತಾರಂತೆ, ಮೋಟಾರು ವ್ಯಾನೂ ಕೊಡುತ್ತಾರಂತೆ. ಸಂತೋಷ. ನಮ್ಮ ಕಾಲದಲ್ಲಿ ಕೊಟ್ಟದ್ದು ಒಂದು ಮ್ಯಾಜಿಕ್ ಲ್ಯಾಂಟರ್ನು, ಅದರ ಗಾಜಿನ ಚಿತ್ರಗಳ ಪೆಟ್ಟಿಗೆ, ಮತ್ತು ಒಬ್ಬ ಚರಿತ್ರೆಯ ಪ್ರೊಫೆಸರು. ಮೂರೂ ಒಡೆದುಹೋಗುವ ಪದಾರ್ಥಗಳೇ. ಮೂರನ್ನೂ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಕೋಟೆ ತಾಲ್ಲೂಕುಗಳ ರಸ್ತೆಗಳಲ್ಲಿ ಬಿರುಕು ಬಿಡದಂತೆ ಸಾಗಿಸುವುದೇ ನನ್ನ ನೌಕರಿ ಎಂದು ಮೊದಲು ತಿಳಿದಿದ್ದೆ. ಆಮೇಲೆ ನೋಡಿದರೆ ನಿಜವಾದ ನೌಕರಿ ಬೇರೆಯೇ ಇತ್ತು. ಅದು ‘ಹೂಂ’ ಅನ್ನುವುದು.

ನಗಬೇಡಿ. ಇದರಿಂದಲೇ ನಾನು ಸಂಸಾರ ಸಾಕಿದವನು.

ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಆತಂಕದ ಮನುಷ್ಯ. ನಿವೃತ್ತನಾದ ಮೇಲೂ ಕಚೇರಿಗೆ ಹೋಗಿ, ನಾನು ನಿಜವಾಗಿ ನಿವೃತ್ತನಾಗಿದ್ದೇನೆಯೇ ಎಂದು ಎರಡು ಸಲ ವಿಚಾರಿಸಿಕೊಂಡು ಬಂದೆ. ಹುಣಸೂರಿನ ಪ್ರೈಮರಿ ಸ್ಕೂಲಿನಲ್ಲಿ ಒಂದನೇ ತರಗತಿಯ ಮೇಷ್ಟ್ರಾಗಿದ್ದೆ. ಅಷ್ಟರಲ್ಲಿ ಮೈಸೂರಿನ ಕೆಲವು ಉತ್ಸಾಹಿಗಳು ಸೇರಿ ಸಮಿತಿ ಮಾಡಿ, ಪ್ರಪಂಚದ ಚರಿತ್ರೆ ರೈತನ ಜಗಲಿಗೆ ಬರಬೇಕು ಎಂದು ತೀರ್ಮಾನಿಸಿದರು. ಜಗಲಿಗೆ ದಾರಿ ತೋರಿಸುವವನೊಬ್ಬ ಬೇಕಾಯಿತು. ಸೈಕಲ್ಲು ಇದ್ದವರು ಯಾರೆಂದು ಕೇಳಿದರು. ಕೈ ಎತ್ತಿದೆ. ಸೈಕಲ್ಲು ನನ್ನ ಭಾವಮೈದುನನದು.

ಮೊದಲು ಬಂದ ವಿದ್ವಾಂಸರು ಹುಣಸೂರಿನ ಸಂತೆಮಾಳದಲ್ಲಿ ಈಜಿಪ್ಟಿನ ಬಗ್ಗೆ ಕಣ್ಣು ಮುಚ್ಚಿಕೊಂಡು ಮಾತಾಡಿದರು. ಕಣ್ಣು ಮುಚ್ಚಿದರೆ ಪಿರಮಿಡ್ಡುಗಳು ಸ್ಪಷ್ಟವಾಗಿ ಕಾಣುತ್ತಿದ್ದವಂತೆ. ಕಣ್ಣು ಬಿಟ್ಟಾಗ ಎದುರಿಗೆ ನಾನೂ ಒಂದು ಮೇಕೆಯೂ ಇದ್ದೆವು. ಮೇಕೆ ಅವರ ಟಿಪ್ಪಣಿಯಲ್ಲಿ ಅರ್ಧ ತಿಂದು ಮುಗಿಸಿತ್ತು. ಅವರು ಮತ್ತೆ ಬರಲಿಲ್ಲ. ಎರಡನೆಯವರು ಪಿರಿಯಾಪಟ್ಟಣದ ಧೂಳು ನೋಡಿ ಬಸ್ಸಿನಿಂದ ಇಳಿಯಲೇ ಇಲ್ಲ. ಕೊನೆಗೆ ಉಳಿದವರು ಒಬ್ಬರೇ, ರಾಮಶೇಷಯ್ಯನವರು.

ತೆಳ್ಳನೆಯ ಮನುಷ್ಯ. ಜರಿ ಪೇಟ, ಕತ್ತಿನವರೆಗೂ ಗುಂಡಿ ಹಾಕಿದ ಕೋಟು, ಕಂಕುಳಲ್ಲಿ ಕೊಡೆ. ಆಧಾರವಿಲ್ಲದೆ ಒಂದು ಮಾತನ್ನೂ ಆಡದವರು. ಮಳೆ ಬರುತ್ತಿದೆಯೇ ಎಂದು ಕೇಳಿದರೆ ಕೈ ಹೊರಗೆ ಚಾಚಿ, ಹನಿ ಬಿದ್ದ ಮೇಲೆ, “ಬರುತ್ತಿದೆ ಎಂದು ತೋರುತ್ತದೆ” ಅನ್ನುವವರು.

ಅವರ ಮೊದಲ ಉಪನ್ಯಾಸ ಪಿರಿಯಾಪಟ್ಟಣದ ಹತ್ತಿರದ ಒಂದು ಹಳ್ಳಿಯ ಅರಳಿಕಟ್ಟೆಯಲ್ಲಿ. ವಿಷಯ ರೋಮ್. ಜನ ತುಂಬಿದ್ದರು, ಆದರೆ ಸಾವಿನ ಮನೆಯ ಹಾಗೆ ಸದ್ದಿಲ್ಲ. ರಾಮಶೇಷಯ್ಯನವರು ಬೆವರುತ್ತಿದ್ದರು. ನನ್ನ ಪಕ್ಕದಲ್ಲಿ ಕೂತಿದ್ದ ಮುದುಕರೊಬ್ಬರು ಇನ್ನೊಬ್ಬರ ಕಿವಿಯಲ್ಲಿ ಗೊಣಗಿದರು.

“ಊಂಗುಟ್ಟೋರೇ ಇಲ್ವಲ್ಲಲಾ. ಈ ಬುದ್ಧಿಯೋರು ಯಾರ್ಗೆ ಏಳ್ತಾವ್ರೆ?”

“ಊಂಗುಟ್ಟೋರಿಲ್ದೆ ಕತೆ ಏಳಿದ್ರೆ ದೆವ್ವ ಬಂದು ಕೇಳುಸ್ಕತದಂತೆ ಕಣಣ್ಣೋ.”

ನಮ್ಮ ಕಡೆ ಕತೆ ಹೇಳುವುದು ಎರಡು ಆಳಿನ ಕೆಲಸ: ಒಬ್ಬ ಹೇಳಬೇಕು, ಒಬ್ಬ ಹೂಂಗುಟ್ಟಬೇಕು. ನನ್ನಜ್ಜಿ ಕತೆ ಹೇಳುವಾಗ ನಾನು ಹೂಂಗುಟ್ಟುವುದನ್ನು ಮರೆತರೆ ರಾಜಕುಮಾರನನ್ನು ಅರ್ಧ ಬಾವಿಯಲ್ಲಿ ಬಿಟ್ಟು ಅಜ್ಜಿ ಮಲಗಿಬಿಡುತ್ತಿದ್ದಳು. ಇಲ್ಲಿ ರೋಮ್ ಪಟ್ಟಣ ಅರ್ಧ ಬಾವಿಯಲ್ಲಿತ್ತು. ಭಯಕ್ಕೆ ನನ್ನ ಬಾಯಿಂದ ತಾನಾಗಿ ಬಂತು: “ಹೂಂ.”

ಕಟ್ಟೆಯ ತುಂಬ ಜನ ಉಸಿರು ಬಿಟ್ಟರು. ಕಾಲು ಚಾಚಿದರು. ಎಲೆಅಡಿಕೆ ಚೀಲ ಬಿಚ್ಚಿದರು. ರಾಮಶೇಷಯ್ಯನವರು ಬೆಚ್ಚಿ ನನ್ನ ಕಡೆ ನೋಡಿ ಇನ್ನೊಂದು ವಾಕ್ಯ ಹೇಳಿದರು. ನಾನು ಇನ್ನೊಂದು ಹೂಂ ಹಾಕಿದೆ. ಅಲ್ಲಿಂದ ಮುಂದೆ ರೋಮ್ ಸಾಮ್ರಾಜ್ಯ ಎತ್ತಿನ ಗಾಡಿ ಇಳಿಜಾರಿನಲ್ಲಿ ಓಡಿದ ಹಾಗೆ ಓಡಿತು.

ಬಸ್ಸಿಗೆ ಕಾಯುವಾಗ ಅವರು ಕೇಳಿದರು, “ಮೇಷ್ಟ್ರೇ, ನೀವು ಹೂಂ ಅಂದದ್ದು ಯಾಕೆ?”

“ಭಯವಾಯ್ತು ಸಾರ್.”

“ಗ್ರೀಸಿನಲ್ಲೂ ದೊಡ್ಡ ದೊಡ್ಡ ಜ್ಞಾನಿಗಳ ಎದುರು ಹೀಗೆ ಒಬ್ಬ ಕೂತು ಹೌದು ಹೌದು ಅನ್ನುತ್ತಿದ್ದ. ಇದಕ್ಕೆ ಆಧಾರವಿದೆ.” ಕೊಡೆಯ ಮೊನೆಯನ್ನು ನನ್ನ ಕಡೆ ತಿರುಗಿಸಿದರು. “ಇನ್ನು ಮೇಲೆ ನೀವು ಹೂಂ ಅನ್ನಿ. ಆದರೆ ಸಭೆಯಲ್ಲಿ ಹೂಂಗಿಂತ ಒಂದು ಅಕ್ಷರ ಹೆಚ್ಚಿಗೆ, ಚರಿತ್ರೆಯಲ್ಲಿ ಇಲ್ಲದ ಒಂದು ಅಕ್ಷರ ನಿಮ್ಮ ಬಾಯಿಂದ ಬಿದ್ದರೆ ನಾನು ಅಲ್ಲಿಂದಲೇ ಬಸ್ಸು ಹತ್ತುತ್ತೇನೆ. ಮತ್ತೆ ಬರುವುದಿಲ್ಲ.”

ಹಳ್ಳಿಗೆ ಬರಲು ಒಪ್ಪಿದ ಚರಿತ್ರಕಾರರು ಅವರೊಬ್ಬರೇ. ಅವರು ಬಸ್ಸು ಹತ್ತಿದರೆ ಉಪನ್ಯಾಸವೂ ಹತ್ತಿದಂತೆ, ನಾನು ಒಂದನೇ ತರಗತಿಯ ಸೋರುವ ಮೂಗುಗಳ ನಡುವೆ ಇಳಿದಂತೆ. ಅಂದಿನಿಂದ ಬಸ್ಸಿನ ಹಾರನ್ನು ಕೇಳಿದರೆ ಸಾಕು, ನಾನು ಮೊದಲು ರಾಮಶೇಷಯ್ಯನವರ ಕೊಡೆ ಎಲ್ಲಿದೆ ಎಂದು ನೋಡುತ್ತಿದ್ದೆ.

ಸಮಿತಿಯ ಕಾರ್ಯದರ್ಶಿಗಳು ವಿಷಯ ತಿಳಿದು ಬಹಳ ಸಂತೋಷಪಟ್ಟರು. ಸಂಬಳದ ಬಿಲ್ಲಿನಲ್ಲಿ ನನ್ನ ಹುದ್ದೆಗೆ ಏನು ಹೆಸರು ಕೊಡುವುದೆಂದು ಯೋಚಿಸಿ, ಇಂಗ್ಲಿಷಿನಲ್ಲಿ ‘ರೆಸ್ಪಾಂಡೆಂಟ್’ ಎಂದು ಬರೆದರು. ಖಜಾನೆಯವರು ಅದನ್ನು ಕೋರ್ಟಿನ ಭಾಷೆಯಲ್ಲಿ ಓದಿ, ಈ ಪ್ರತಿವಾದಿ ಯಾವ ದಾವೆಯಲ್ಲಿ ಸಿಕ್ಕಿಬಿದ್ದಿದ್ದಾನೆ, ಇವನಿಗೆ ಸಂಬಳ ಯಾಕೆ ಎಂದು ಬಿಲ್ಲು ವಾಪಸು ಕಳಿಸಿದರು. ಆ ತಿಂಗಳು ನಾನು ಯಾವುದೋ ದಾವೆಯಲ್ಲಿ ನಿಜವಾಗಿಯೇ ಇದ್ದೇನೇನೋ ಎಂದು ಹುಣಸೂರಿನ ವಕೀಲರೊಬ್ಬರನ್ನು ಕಂಡು ಬಂದೆ.

ಮನೆಯಲ್ಲಿ ನನ್ನ ಹೆಂಡತಿ ಸಾವಿತ್ರಿ ಬೇರೆಯೇ ದಾವೆ ಹೂಡಿದಳು. “ಊರೂರಿಗೆ ಹೋಗಿ ಹೂಂ ಅಂತೀರಿ, ಸಂಬಳ ತರ್ತೀರಿ. ನಾನು ಬೆಳಗ್ಗಿಂದ ಹೇಳ್ತಾನೇ ಇದೀನಿ, ನನಗೆ ಒಂದು ಹೂಂಗೂ ಗತಿ ಇಲ್ವಾ?”

“ಹೂಂ,” ಅಂದೆ.

ಈ ಕೆಲಸಕ್ಕೆ ಸೇರುವವರಿಗೆ ತಿಳಿದಿರಲಿ, ಹೂಂ ಒಂದೇ ಬಗೆಯದಲ್ಲ. ಗಿಡ್ಡ ಹೂಂ ಅಂದರೆ ಮುಂದೆ ನಡೆಯಿರಿ ಎಂದರ್ಥ. ಎಳೆದ ಹೂಂ ಅಂದರೆ ಜನಕ್ಕೆ ಅರ್ಥವಾಗಲಿಲ್ಲ, ಇನ್ನೊಂದು ಸಲ ಹೇಳಿ. ಮೂಗಿನಲ್ಲಿ ಹೊರಡುವ ಹೂಂ ಅಯ್ಯೋ ಪಾಪದ್ದು, ರಾಜರಾಣಿಯರ ತಲೆ ಹಾರುವಾಗ ಬೇಕಾಗುತ್ತದೆ. ಫ್ರಾನ್ಸಿನ ಕ್ರಾಂತಿಗೆ ಹೋಗುವ ದಿನ ನಾನು ಎರಡು ಮೆಣಸಿನಕಾಳು ಬಾಯಿಗೆ ಹಾಕಿಕೊಂಡೇ ಹೋಗುತ್ತಿದ್ದೆ.

ಸಭೆಯಲ್ಲಿ ಬಾಯಿ ಕಟ್ಟಿದ್ದರೇನು, ಬಸ್ಸಿನಲ್ಲಿ ನನಗೆ ಪೂರ್ತಿ ಸ್ವಾತಂತ್ರ್ಯವಿತ್ತು. ರಾಮಶೇಷಯ್ಯನವರಂಥ ಪಂಡಿತರ ಮಗ್ಗುಲಲ್ಲಿ ಕೂತು, ಹುಣಸೂರಿನಿಂದ ಕೋಟೆಯವರೆಗೆ ಮಂಗೋಲರನ್ನು ಓಡಿಸಿಕೊಂಡು ಬರುವ ಸುಖ ಎಷ್ಟು ಜನಕ್ಕೆ ಸಿಕ್ಕೀತು? ರೋಮ್ ಕೊನೆಗೆ ಬಿದ್ದುಹೋಯಿತೆಂದು ಅವರು ಹೇಳಿದ ದಿನ ನನಗೆ ಊಟ ಸೇರಲಿಲ್ಲ.

“ಗಡಿಯಲ್ಲಿ ಕಾವಲು ಸಡಿಲವಾಗಿದೆ ಅಂತ ಯಾರೂ ಅವರಿಗೆ ಹೇಳಲಿಲ್ವಾ ಸಾರ್?”

“ಹೇಳಿದರು.”

“ಮತ್ತೆ?”

“ಹೂಂ ಅಂದರು,” ಎಂದು ಕಿಟಕಿಯ ಕಡೆ ತಿರುಗಿಕೊಂಡರು. ಅದು ಅವರು ಮಾಡಿದ ಮೊದಲ ಹಾಸ್ಯ. ಹಾಸ್ಯವೆಂದು ನನಗೆ ಗೊತ್ತಾದದ್ದು ಪಿರಿಯಾಪಟ್ಟಣ ದಾಟಿದ ಮೇಲೆ.

ಎಡವಟ್ಟುಗಳೂ ಆದವು. ಕೃಷ್ಣರಾಜನಗರದಲ್ಲಿ ಹಬ್ಬದ ಊಟ ಮಾಡಿ ಅಲೆಕ್ಸಾಂಡರನ ಉಪನ್ಯಾಸಕ್ಕೆ ಕೂತಿದ್ದೆವು. ನನ್ನ ಹೂಂ ನಡೆಯುತ್ತಿತ್ತು, ನಾನು ನಿದ್ದೆಯಲ್ಲಿದ್ದೆ. ಇದು ಅಭ್ಯಾಸದಿಂದ ಬರುತ್ತದೆ. ರಾಮಶೇಷಯ್ಯನವರಿಗೆ ಅನುಮಾನ ಬಂದು, ಪರೀಕ್ಷೆ ಮಾಡಲು, ಜೀವಮಾನದಲ್ಲಿ ಮೊದಲ ಸಲ ಆಧಾರವಿಲ್ಲದ ಒಂದು ವಾಕ್ಯ ಹೇಳಿದರು: “ಸೈನಿಕರು ಮುಂದೆ ಬರುವುದಿಲ್ಲ ಎಂದಾಗ ಅಲೆಕ್ಸಾಂಡರನು ಅರಸೀಕೆರೆಯ ರೈಲು ಹತ್ತಿದನು.”

“ಹೂಂ,” ಅಂದೆ ನಾನು.

ನಾನು ಹೂಂ ಅಂದ ಮೇಲೆ ಜನಕ್ಕೆ ಇನ್ನೇನು ಆಧಾರ ಬೇಕು? ಹಿಂದಿನ ಸಾಲಿನಿಂದ ಒಬ್ಬ ಕೇಳಿದ, “ಟಿಕೀಟು ತಕಂಡಿದ್ನಾ ಬುದ್ಧಿ?”

ಇನ್ನೊಬ್ಬ ಅವನ ಬೆನ್ನಿಗೆ ಗುದ್ದಿದ. “ದೊರೆ ಕಣ್ಲಾ ಅವ್ನು! ದೊರೆಗೋಳ್ಗೆ ಯಾವನ್ಲಾ ಟಿಕೀಟು ಕೇಳಾನು?”

ಆ ರೈಲನ್ನು ವಾಪಸು ತರಲು ರಾಮಶೇಷಯ್ಯನವರು ಪಟ್ಟ ಪಾಡು ಹೇಳತೀರದು. ಪ್ರತಿ ಹಳ್ಳಿಯಲ್ಲೂ ಮೊದಲು ಅಲೆಕ್ಸಾಂಡರನನ್ನು ರೈಲಿನಿಂದ ಇಳಿಸಿ, ಆಮೇಲೆ ಆ ದಿನದ ವಿಷಯಕ್ಕೆ ಬರುತ್ತಿದ್ದರು. ರೈಲೇ ಬಾರದ ಕೋಟೆಯ ಕಡೆಗೆ ಮಾತ್ರ ಅವನು ರೈಲಿನಲ್ಲೇ ಮೊದಲು ಬಂದು ತಲುಪಿಬಿಟ್ಟಿದ್ದ.

ಮಿರ್ಲೆಯಲ್ಲಿ ಚೀನಾದ ಮಹಾಗೋಡೆಯ ಚಿತ್ರ ತೋರಿಸಿದೆವು. ಬಿಳಿ ಪಂಚೆಯ ಮೇಲೆ ಗೋಡೆ ಬೆಟ್ಟದಿಂದ ಬೆಟ್ಟಕ್ಕೆ ಹರಿಯಿತು. ಸಭೆ ಮೆಚ್ಚಿ ಲೊಚಗುಟ್ಟಿತು.

“ಈ ಪಾಟಿ ಏರಿ ಆಕವ್ರೆ. ನೀರೆಲ್ಲಿ ಬುದ್ಧಿ?” ಅಂದರು ಊರಿನ ಕೆಂಚೇಗೌಡರು.

“ಅದು ಕೆರೆ ಏರಿಯಲ್ಲ ಗೌಡರೇ, ಗೋಡೆ. ಕುದುರೆ ಸವಾರರು ನುಗ್ಗದ ಹಾಗೆ.”

“ಅದ್ ಸರಿ ಬುಡಿ. ನೀರು ಬುಡೋ ತೂಬೆಲ್ಲಿ ಮಡಗವ್ರೆ?”

ರಾಮಶೇಷಯ್ಯನವರು ಮತ್ತೆ ವಿವರಿಸಿದರು. ಗೌಡರು ತಾಳ್ಮೆಯಿಂದ ಕೇಳಿ, ಚೀನಾದವರ ಮೇಲೆ ಕನಿಕರಪಟ್ಟು, “ಅಷ್ಟ್ ಕಷ್ಟ ಬಿದ್ದವ್ರೆ, ಅಂಗೇ ಒಂದ್ ತೂಬು ಮಡಗಿದ್ರೆ ಇತ್ಲಾಗೆ ಒಂದ್ ಬೆಳೆ ಭತ್ತ ಆಗೋದು,” ಅಂದರು. ಬಸ್ಸಿನಲ್ಲಿ ರಾಮಶೇಷಯ್ಯನವರು ತಮ್ಮಷ್ಟಕ್ಕೆ ನಕ್ಕು ನಕ್ಕು ಪೇಟ ಜಾರಿಸಿಕೊಂಡರು. ಅವರು ನಗುವುದನ್ನು ನೋಡಿ ನನಗೆ ದಿಗಿಲಾಯಿತು. ನಗುವ ಮನುಷ್ಯ ಯಾವ ಗಳಿಗೆಯಲ್ಲಾದರೂ ಕೋಪಿಸಿಕೊಳ್ಳಬಹುದು ಎಂಬುದು ನನ್ನ ಸಿದ್ಧಾಂತ.

ಸಿದ್ಧಾಂತ ಫಲಿಸಿದ್ದು ಕಾಕನಕೋಟೆಯಲ್ಲಿ.

ಆಗ ಅಲ್ಲಿ ಖೆಡ್ಡಾದ ಸಿದ್ಧತೆ ನಡೆದಿತ್ತು. ಕಾಡಾನೆಗಳ ಹಿಂಡನ್ನು ಸುತ್ತುವರಿದು, ಹೊಳೆಯ ಕಡೆಗೆ ಅಟ್ಟಿ, ದೊಡ್ಡಿಗೆ ತುಂಬುವ ಕೆಲಸ. ಪಳಗಿದ ಆನೆಗಳೂ ಅವುಗಳ ಮಾವುತರೂ ಬಂದು ಬಿಡಾರ ಮಾಡಿದ್ದರು. ಮಾರನೆಯ ಬೆಳಗ್ಗೆ ಅವರು ಕಪಿಲೆ ಹೊಳೆ ದಾಟಿ ಆಚೆ ಕಾಡಿಗೆ ಇಳಿಯಬೇಕಿತ್ತು. ಅಲ್ಲಿನ ರೇಂಜರು ನನ್ನನ್ನು ಕರೆದು, “ಮಾವುತರಿಗೆ ಬೇಜಾರು ಕಳೆಯೋ ಹಾಗೆ ಏನಾದ್ರೂ ಹೇಳಿಸ್ರೀ,” ಅಂದರು. ನನ್ನ ತಲೆ ಓಡಿತು. ನನ್ನ ತಲೆ ಓಡಿದಾಗಲೆಲ್ಲ ಏನೋ ಒಂದು ಆಗುತ್ತದೆ. ಆನೆಯವರಿಗೆ ಆನೆಯ ಕತೆಯೇ ಆಗಲಿ, ಆನೆಗಳ ಸಮೇತ ಹಿಮದ ಬೆಟ್ಟ ದಾಟಿ ರೋಮಿನ ಮೇಲೆ ಹೋದ ಹ್ಯಾನಿಬಾಲನನ್ನೇ ಕರೆತರೋಣ ಎಂದು ರಾಮಶೇಷಯ್ಯನವರನ್ನು ಒಪ್ಪಿಸಿದೆ.

ಹೊತ್ತು ಇನ್ನೂ ಮೇಲಿತ್ತು. ಮಾವುತರು ನೆಲದ ಮೇಲೆ, ಅವರ ಹಿಂದೆ ಆನೆಗಳು ಸೊಪ್ಪು ಮುರಿಯುತ್ತ, ಎದುರಿಗೆ ಕುರ್ಚಿಯಲ್ಲಿ ರಾಮಶೇಷಯ್ಯನವರು, ಪಕ್ಕದಲ್ಲಿ ನಾನು. ಅಂಥ ಉಪನ್ಯಾಸ ಅವರು ಮತ್ತೆಲ್ಲೂ ಮಾಡಿರಲಿಲ್ಲ. ತೆಪ್ಪದಿಂದ ಬಿದ್ದ ಆನೆಗಳು ಸೊಂಡಿಲನ್ನು ನೀರಿನ ಮೇಲೆತ್ತಿಕೊಂಡು ನದಿಯ ತಳದಲ್ಲಿ ನಡೆದೇ ದಡ ಸೇರಿದವು ಎಂದಾಗ, ಮಾವುತರಲ್ಲಿ ಹಿರಿಯನಾದ ಬೊಮ್ಮಯ್ಯ ತೊಡೆ ತಟ್ಟಿಕೊಂಡ. “ಅಂಗೇಯ ಬುದ್ಧಿ! ನಮ್ಮ ಗೌರೀನೂ ಅಂಗೇಯ!” ಹಿಂದೆ ಗೌರಿ ಕಿವಿ ಬೀಸಿತು. ಬೆಟ್ಟ ಹತ್ತಿದರು, ಇಳಿದರು, ಚಳಿಗಾಲದ ಯುದ್ಧವಾಯಿತು. ಯುದ್ಧದಲ್ಲಿ ಉಳಿದ ಆನೆಗಳು ಚಳಿ ತಡೆಯಲಾರದೆ ಒಂದೊಂದಾಗಿ ಬಿದ್ದವು. ನಾನು ಮೂಗಿನ ಹೂಂ ಹಾಕಿದೆ.

“ಹೀಗೆ ಆನೆಗಳು ನಾಶವಾದವು. ಇಲ್ಲಿಗೆ ಮುಗಿಯಿತು,” ಎಂದು ರಾಮಶೇಷಯ್ಯನವರು ಕರವಸ್ತ್ರ ಮಡಿಸಿದರು.

ಒಬ್ಬನೂ ಅಲುಗಲಿಲ್ಲ.

“ಇದೇನ್ ಬುದ್ಧಿ?” ಅಂದ ಬೊಮ್ಮಯ್ಯ. “ಆನೆ ಸತ್ತಲ್ಲಿಗೆ ಕತೆ ನಿಲ್ಸಿಬುಟ್ರಲ್ಲ. ಸಾವಿನ್ ಮ್ಯಾಲೆ ಕತೆ ಬುಟ್ಟು ಯಾರಾನ ಎದ್ದೋದಾರಾ? ಬೆಳಗಾದ್ರೆ ನಾವು ಆನೆ ಮ್ಯಾಲೆ ಕುಂತು ಒಳೆಗೆ ಇಳೀಬೇಕು. ನೀವ್ ಏಳಾಗಂಟ ನಾವ್ ಏಳಾಕಿಲ್ಲ.”

ಇಲ್ಲಿ ಒಂದು ಮಾತು. ನಮ್ಮ ಸೀಮೆಯಲ್ಲಿ ಹಕಾರ ಬಾಯಿಗೆ ಬರುವುದಿಲ್ಲ. ಹೇಳುವುದೂ ಏಳುವುದೇ, ಏಳುವುದೂ ಏಳುವುದೇ. ನೀವು ಹೇಳುವ ತನಕ ನಾವು ಏಳುವುದಿಲ್ಲ ಎಂದು ಅವನೆಂದದ್ದು. ಮೈಸೂರಿನ ಅಗ್ರಹಾರದಲ್ಲಿ ಬೆಳೆದ ರಾಮಶೇಷಯ್ಯನವರಿಗೆ ಇದೇನೋ ಮರ್ಯಾದೆಯ ಕ್ರಮವೆಂದು ಅನ್ನಿಸಿ ತಟಕ್ಕನೆ ಎದ್ದು ನಿಂತರು.

“ಇಗೋ, ಎದ್ದೆ. ಇನ್ನು ನೀವೂ ಏಳಿ.”

“ನಿಂತ್ಕಂಡಾದ್ರೂ ಏಳಿ ಬುದ್ಧಿ, ಕುಂತ್ಕಂಡಾದ್ರೂ ಏಳಿ!”

“ನಿಂತುಕೊಂಡು ಹೇಗೆ ಏಳುವುದು?” ಎಂದು ಅವರು ದಿಕ್ಕು ತೋಚದೆ ಕೂತು, ಮತ್ತೊಮ್ಮೆ ಎದ್ದು ತೋರಿಸಿದರು.

ಅಷ್ಟರಲ್ಲಿ ರೇಂಜರು ಓಡಿ ಬಂದು ನನ್ನ ಕಿವಿಗೆ ಬಾಯಿಟ್ಟರು. “ಏನ್ರೀ ಮೇಷ್ಟ್ರೇ, ಆನೆ ಕತೆ ಹೇಳಿಸ್ತೀನಿ ಅಂದು ಆನೆ ತಿಥಿ ಮಾಡಿಸಿಬಿಟ್ರಾ? ನಾಳೆ ಇವರು ಹೊಳೆಗೆ ಇಳೀಲಿಲ್ಲ ಅಂದ್ರೆ ಮೊದಲು ನಿಮ್ಮನ್ನ ಇಳಿಸ್ತೀನಿ.”

ಒಂದೇ ಒಂದು ಸುಳ್ಳು ಸಾಕಿತ್ತು. ‘ಒಂದಾನೆ ಬದುಕಿತಂತೆ’ ಎಂದು ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಹೂಂಗಿಂತ ಹೆಚ್ಚಿಗೆ ಒಂದು ಅಕ್ಷರ ಬಿದ್ದರೆ ಬಸ್ಸು. ಒಂದು ಕಡೆ ಹೊಳೆ, ಒಂದು ಕಡೆ ಬಸ್ಸು. ನನ್ನ ಬಳಿ ಇದ್ದ ಆಯುಧ ಒಂದೇ.

“ಹೂಂ,” ಅಂದೆ.

“ಮುಗಿಯಿತು ಮೇಷ್ಟ್ರೇ,” ಅಂದರು ರಾಮಶೇಷಯ್ಯನವರು.

“ಹೂಂ.”

“ಮುಗಿಯಿತು ಎಂದೆನಲ್ಲ.”

“ಹೂಂ.”

ಬೊಮ್ಮಯ್ಯನಿಗೆ ದಾರಿ ಹೊಳೆಯಿತು. “ಊಂ,” ಅಂದ. ಅವನ ಪಕ್ಕದವನು “ಊಂ” ಅಂದ. ಆಮೇಲೆ ಇಡೀ ಬಿಡಾರವೇ ಒಟ್ಟಿಗೆ “ಊಂ” ಅಂದಿತು. ಹಿಂದಿನಿಂದ ಒಂದು ಆನೆಯೂ ಗಂಟಲಲ್ಲಿ ಗುಡುಗಿತು. ಅದು ಕಾಕತಾಳೀಯವೆಂದು ರಾಮಶೇಷಯ್ಯನವರು ಕೊನೆಯವರೆಗೂ ವಾದಿಸಿದರು.

ಅವರ ಮುಖ ಕೆಂಪಗಾಯಿತು. ಪೇಟ ತೆಗೆದರು, ಇಟ್ಟುಕೊಂಡರು. “ನಾಶವಾದವು ಎಂದದ್ದು ಸ್ಥೂಲವಾಗಿ. ಸೂಕ್ಷ್ಮವಾಗಿ ಹೇಳಲೇಬೇಕೆಂದರೆ...”

“ಹೂಂ?”

“ಒಂದು ಉಳಿಯಿತು.”

ಎದ್ದ ಕೂಗಿಗೆ ಮರದ ಮೇಲಿನ ಕೊಕ್ಕರೆಗಳು ಹಾರಿಹೋದವು. ಇದ್ದ ಸತ್ಯವನ್ನು ಅಡಿಟಿಪ್ಪಣಿಯಲ್ಲಿ ಬಚ್ಚಿಟ್ಟುಕೊಂಡಿದ್ದರು ಪುಣ್ಯಾತ್ಮರು! ಆ ಒಂದೇ ಆನೆ ಹ್ಯಾನಿಬಾಲನನ್ನು ಹೊತ್ತು ಜೌಗು ದಾಟಿಸಿತಂತೆ. ಅವನಿಗೆ ಆಗ ಕಣ್ಣಿನ ಬೇನೆ, ಒಂದು ಕಣ್ಣು ಅಲ್ಲೇ ಹೋಯಿತಂತೆ.

“ಎಸ್ರೇನು ಬುದ್ಧಿ ಆನೇದು?”

“ಸೂರಸ್ ಎಂದು ಒಂದು ಆನೆಯ ಹೆಸರು ಸಿಗುತ್ತದೆ. ಅದೇ ಇದು ಎಂದು ಹೇಳಲು ಆಧಾರವಿಲ್ಲ. ನಾನು ಹೇಳಲಾರೆ.”

“ನೀವ್ ಏಳ್ಬ್ಯಾಡಿ, ನಾವ್ ಕರ್ಕತೀವಿ. ಸೂರಪ್ಪ!”

ಸೂರಪ್ಪನಿಗೆ ಮಂಗಳ ಹಾಡಿ, ಆನೆಗಳಿಗೆಲ್ಲ ಬೆಲ್ಲ ತಿನ್ನಿಸಿ, ಕೊನೆಯ ಅಚ್ಚನ್ನು ರಾಮಶೇಷಯ್ಯನವರ ಕೈಗಿಟ್ಟು ಮಾವುತರು ಎದ್ದರು. ರೇಂಜರು ನನ್ನ ಬೆನ್ನು ತಟ್ಟಿದರು. ನನಗೆ ನಿಂತ ನೆಲ ಸಾಲದಷ್ಟು ಹಿಗ್ಗು. ಅದು ನಾವು ಇಳಿದುಕೊಂಡಿದ್ದ ಬಂಗಲೆಯ ಮೆಟ್ಟಿಲವರೆಗೆ ಮಾತ್ರ ಬಂತು.

“ಮೇಷ್ಟ್ರೇ, ನೀವು ಹೂಂಗಿಂತ ಹೆಚ್ಚು ಹೇಳಲಿಲ್ಲ. ಒಪ್ಪುತ್ತೇನೆ,” ಅಂದರು ರಾಮಶೇಷಯ್ಯನವರು, ಬೆಲ್ಲದ ಅಚ್ಚನ್ನು ಇನ್ನೂ ಹಿಡಿದುಕೊಂಡೇ. “ಆದರೆ ಅದು ಹೂಂ ಅಲ್ಲ, ದರೋಡೆ. ಎಲ್ಲಿ ನಿಲ್ಲಿಸಬೇಕೆಂಬುದು ಹೇಳುವವನಿಗೆ ಬಿಟ್ಟದ್ದು. ಈ ಜನಕ್ಕೆ ಬೇಕಾದದ್ದು ಮಂಗಳ, ನನ್ನಲ್ಲಿರುವುದು ಚರಿತ್ರೆ. ಬೆಳಗಿನ ಬಸ್ಸಿಗೆ ಹೊರಡುತ್ತೇನೆ. ಇನ್ನು ಬರುವುದಿಲ್ಲ.”

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಎಂದರೆ ಅದರಲ್ಲಿ ಹೊಸದೇನೂ ಇಲ್ಲ.

ಬೆಳಗ್ಗೆ ರಸ್ತೆಯ ಪಕ್ಕದಲ್ಲಿ ಲ್ಯಾಂಟರ್ನು, ಚಿತ್ರದ ಪೆಟ್ಟಿಗೆ, ರಾಮಶೇಷಯ್ಯನವರು, ಮೂರನ್ನೂ ಸಾಲಾಗಿ ನಿಲ್ಲಿಸಿಕೊಂಡು ನಿಂತಿದ್ದೆ. ಮಂಜಿನೊಳಗಿಂದ ಆನೆಗಳ ಸಾಲು ಹೊಳೆಯ ಕಡೆಗೆ ಬಂತು. ಎಲ್ಲಕ್ಕಿಂತ ಮುಂದೆ ಗೌರಿ, ಅದರ ಕತ್ತಿನ ಮೇಲೆ ಬೊಮ್ಮಯ್ಯ. ಅದೇ ಗಳಿಗೆಗೆ ಮಾನಂತವಾಡಿ ಕಡೆಯಿಂದ ಬರುವ ಬಸ್ಸೂ ಬಂದು, ಆನೆಗಳನ್ನು ಕಂಡು, ದೂರದಲ್ಲೇ ನಿಂತು ಹಾರನ್ನು ಹೊಡೆಯಿತು. ರಾಮಶೇಷಯ್ಯನವರು ಕೊಡೆ ಎತ್ತಿಕೊಂಡರು.

ಬೊಮ್ಮಯ್ಯ ಗೌರಿಯನ್ನು ನಮ್ಮ ಮುಂದೆಯೇ ನಿಲ್ಲಿಸಿದ.

“ಬುದ್ಧಿ, ಇಡೀ ರಾತ್ರಿ ಅದೇ ಗ್ಯಾನ. ಯಜಮಾನ್ರನ್ನ ಜೌಗು ದಾಟಿಸ್ದ ಮ್ಯಾಲೆ ಸೂರಪ್ಪ ಏನಾದ?”

“ಗೊತ್ತಿಲ್ಲಪ್ಪ. ದಾಖಲೆ ಅಲ್ಲಿಗೆ ನಿಂತುಹೋಗುತ್ತದೆ. ದಾಖಲೆ ನಿಂತಲ್ಲಿ ನಾನೂ ನಿಲ್ಲುತ್ತೇನೆ.”

“ನೀವ್ ನಿಂತ್ಕಳಿ ಬುದ್ಧಿ. ಆನೆ ಯಾಕ್ ನಿಂತ್ಕತದೆ?”

ರಾಮಶೇಷಯ್ಯನವರು ಎತ್ತಿದ ಕೊಡೆಯನ್ನು ಮತ್ತೆ ನೆಲಕ್ಕೂರಿದರು.

“ಸಾರೇ, ವೇಗಂ, ವೇಗಂ!” ಎಂದು ಮಲಯಾಳಿ ಕಂಡಕ್ಟರು ಅವಸರಪಡಿಸಿ ಬಸ್ಸಿನ ಬದಿ ಬಡಿದ.

“ನಾ ಏಳ್ತೀನಿ ಕೇಳಿ,” ಅಂದ ಬೊಮ್ಮಯ್ಯ ಮೇಲಿನಿಂದ. “ಸೂರಪ್ಪ ಯಜಮಾನ್ರನ್ನ ಒಣಗಿದ್ ನೆಲದ ಮ್ಯಾಲೆ ಇಳ್ಸಿದ. ಇಳ್ಸಿ, ಬಂದ ದಾರೀನೇ ಇಡ್ಕಂಡ.”

ಇಷ್ಟು ಹೇಳಿ ನಿಲ್ಲಿಸಿ ಕಾದ. ಗೌರಿಯೂ ಕಾಯಿತು. ಇದು ನನ್ನ ಜಾಗ, ನನ್ನ ನೌಕರಿ. ಅಭ್ಯಾಸಬಲದಿಂದ ಉಸಿರೆಳೆದುಕೊಂಡೆ. ನನಗಿಂತ ಮೊದಲು ಪಕ್ಕದಿಂದ, ತೀರ ಹೊಸಬನ ಹಾಗೆ ನಡುಗುವ ಧ್ವನಿಯಲ್ಲಿ, ಬಂತು:

“ಹೂಂ.”

“ಆ ಮಂಜಿನ ಬೆಟ್ಟ ಇನ್ನೊಂದ್ ದಪ ಅತ್ತುದ. ಈ ಸಲ ಬೆನ್ನ್ ಮ್ಯಾಲೆ ಯಾರೂ ಇಲ್ಲ, ಅಗೂರ.”

“ಹೂಂ.”

ಬಸ್ಸು ಒಂದು ಸಲ ಗುರ್ರೆಂದು, ಆನೆಗಳ ಪಕ್ಕದಿಂದ ನುಸುಳಿ ಮೈಸೂರಿನ ಕಡೆ ಹೊರಟಿತು. ಸಾರ್, ಬಸ್ಸು ಎಂದು ಕೂಗಲು ನಾನು ಬಾಯಿ ತೆರೆದೆ. ರಾಮಶೇಷಯ್ಯನವರು ಕೊಡೆಯಿಂದ ನನ್ನನ್ನು ಸುಮ್ಮನಿರಿಸಿ, ಧೂಳಿನಲ್ಲಿ ಕತ್ತೆತ್ತಿ, ಆನೆಯ ಮೇಲಿದ್ದವನಿಗೆ ಇನ್ನೊಂದು ಹೂಂ ಹಾಕಿದರು.